ಒರೆಸದೆ ಕೊಟ್ಟ ಕೊಳವೆ

ಅಧ್ಯಕ್ಷತೆ ವಹಿಸಿರುವ ನಮ್ಮ ಗಾಜಿನ ಕಾರ್ಖಾನೆಯ ಮಾಲೀಕರೇ, ಮುಖ್ಯ ಅತಿಥಿಯಾಗಿ ಬಂದಿರುವ ಆರೋಗ್ಯ ಇಲಾಖೆಯ ಡಾಕ್ಟರಮ್ಮನವರೇ, ಮೊದಲ ಸಾಲಿನಲ್ಲಿ ಕುಳಿತಿರುವ ನನ್ನ ಗುರುಗಳಾದ ಮೇಸ್ತ್ರಿಗಳೇ, ದಿನವೂ ನನ್ನ ಪಕ್ಕದಲ್ಲಿ ಕುಲುಮೆಯ ಮುಂದೆ ನಿಂತು ಬೇಯುವ ಅಣ್ಣಂದಿರೇ, ಅಕ್ಕಂದಿರೇ, ವಾರ್ಷಿಕೋತ್ಸವಕ್ಕೆಂದು ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿರುವ ಸಭಿಕರೇ,

ಈಗಷ್ಟೇ ನನ್ನ ಬಗ್ಗೆ ಓದಿದ ಸನ್ಮಾನಪತ್ರದಲ್ಲಿ ಒಂದು ತಾರೀಖು ತಪ್ಪಿದೆ. ‘ಹದಿನೆಂಟನೆಯ ತಾರೀಖು ಜ್ವರಕ್ಕೆ ತುತ್ತಾಗಿ, ಸಾವಿನೊಡನೆ ಸೆಣಸಿ ಗೆದ್ದು ಬಂದ’ ಎಂದು ಓದಿದರು. ನನಗೆ ಜ್ವರ ಬಂದದ್ದು ಹದಿನೆಂಟಕ್ಕಲ್ಲ, ಹನ್ನೊಂದಕ್ಕೆ. ತಪ್ಪು ಬರೆದವರದ್ದಲ್ಲ. ಹದಿನೆಂಟು ಎಂದು ಹೇಳಿದವಳು ನಾನೇ. ಹದಿನಾಲ್ಕು ತಿಂಗಳಿಂದ ಇದನ್ನು ಮುಚ್ಚಿಟ್ಟುಕೊಂಡು ಬಂದಿದ್ದೇನೆ.

ಏಳು ದಿನ ಆಚೆ ಈಚೆ ಆದರೆ ಏನು ಮುಳುಗಿಹೋಯಿತು ಎಂದು ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿರಬಹುದು. ಡಾಕ್ಟರಮ್ಮನವರು ಹಾಗೆ ಅಂದುಕೊಳ್ಳುತ್ತಿಲ್ಲ. ನಾನು ಹನ್ನೊಂದು ಎಂದ ಕೂಡಲೇ ಅವರು ಕೈಯಲ್ಲಿದ್ದ ನೀರಿನ ಲೋಟವನ್ನು ಮೇಜಿನ ಮೇಲಿಟ್ಟದ್ದನ್ನು ನೋಡಿದೆ.

ಆಫೀಸಿನವರು ತಿದ್ದಿಕೊಟ್ಟ ಎರಡು ಹಾಳೆಯ ಭಾಷಣ ನನ್ನ ಹತ್ತಿರ ಇದೆ. ಬಹಳ ಚೆನ್ನಾಗಿದೆ. ಅದರಲ್ಲಿ ‘ಅವಿರತ’ ಎಂಬ ಪದ ನಾಲ್ಕು ಸಲ ಬರುತ್ತದೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳ ಬಾಯಲ್ಲಿ ಅದು ಸರಿಯಾಗಿ ಹೊರಳುವುದಿಲ್ಲ. ಹಾಳೆಯನ್ನು ಮಡಿಸಿ ಇಡುತ್ತೇನೆ. ನನಗೆ ಗೊತ್ತಿರುವ ಮಾತಿನಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು. ದಯವಿಟ್ಟು ಮೈಕಿನವರು ಗಡಿಯಾರ ನೋಡಬೇಡಿ.

ಶಾಲೆಯ ಮಾತು ಬಂತು, ಅದನ್ನು ಹೇಳಿಯೇ ಮುಂದಕ್ಕೆ ಹೋಗುತ್ತೇನೆ. ಒಂಬತ್ತನೇ ತರಗತಿಯ ಗಣಿತ ಪರೀಕ್ಷೆಯಲ್ಲಿ ನಮ್ಮ ಇಡೀ ತರಗತಿ ಒಂದೇ ಚೀಟಿ ನೋಡಿ ಬರೆದಿತ್ತು. ಹೆಡ್‌ಮಾಸ್ಟರು ಬಂದು, “ಯಾರ್ಯಾರು ಕಾಪಿ ಹೊಡೆದಿದ್ದೀರೋ ಎದ್ದು ನಿಲ್ಲಿ” ಎಂದರು. ನಲವತ್ತೆರಡು ಜನರಲ್ಲಿ ನಾನೊಬ್ಬಳೇ ಎದ್ದು ನಿಂತೆ. ಶಿಕ್ಷೆಯೂ ನನಗೊಬ್ಬಳಿಗೇ ಆಯಿತು. ಆಗಲೇ ಚೀಲ ಎತ್ತಿಕೊಂಡು ಹೊರಬಿದ್ದವಳು ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ. ಅಂದಿನಿಂದ ನನಗೊಂದು ಜಂಭ ಬಂತು. ಕೆಲವರಿಗೆ ಎತ್ತರ ಇರುತ್ತದೆ, ಕೆಲವರಿಗೆ ಒಳ್ಳೆಯ ಕಂಠ ಇರುತ್ತದೆ, ಹಾಗೆ ನನಗೆ ಸತ್ಯ ಇದೆ ಎಂದುಕೊಂಡೆ. ಎತ್ತರ ಯಾರಿಗಾದರೂ ಒಂದು ವಾರದ ಮಟ್ಟಿಗೆ ಕಡಿಮೆಯಾಗುವುದುಂಟೇ?

ಈ ಕಾರ್ಖಾನೆಗೆ ಬಂದಾಗ ನನಗೆ ಹತ್ತೊಂಬತ್ತು. ಅದಕ್ಕೆ ಮೊದಲು ಎಂಟು ಕಡೆ ಕೆಲಸ ಮಾಡಿ ಎಂಟು ಕಡೆಯೂ ಬಿಟ್ಟಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಇಲ್ಲಿ ಎಲ್ಲರೂ ನನ್ನನ್ನು ಚಕ್ರ ಎಂದೇ ಕರೆಯತೊಡಗಿದರು. ಸನ್ಮಾನಪತ್ರದಲ್ಲಿ ನನ್ನ ಹೆಸರು ಓದಿದಾಗ ಹಿಂದಿನ ಸಾಲಿನಲ್ಲಿ ಒಬ್ಬರು, “ಇದ್ಯಾರೋ ಬೇರೆ ಹುಡುಗಿ ಕಣೋ” ಎಂದದ್ದು ನನಗೂ ಕೇಳಿಸಿತು.

ಇಲ್ಲಿ ಮಾತ್ರ ನನ್ನ ಚಕ್ರ ನಿಂತಿತು. ಕಾರಣ, ಊದುಕೊಳವೆ.

ಹೊರಗಿನಿಂದ ಬಂದ ಅತಿಥಿಗಳಿಗಾಗಿ ಒಂದೆರಡು ಮಾತು. ನಮ್ಮಲ್ಲಿ ಹೂದಾನಿ, ದೀಪದ ಬುರುಡೆ ಎಲ್ಲವೂ ಬಾಯಿಂದ ಊದಿಯೇ ಆಗಬೇಕು. ಆಳೆತ್ತರದ ಕಬ್ಬಿಣದ ಕೊಳವೆ. ಅದರ ಒಂದು ತುದಿಯನ್ನು ಕುಲುಮೆಗೆ ಅದ್ದಿ ಕರಗಿದ ಗಾಜನ್ನು ಸುತ್ತಿಕೊಳ್ಳಬೇಕು. ಮೊದಲನೆಯವರು ಇನ್ನೊಂದು ತುದಿಗೆ ಬಾಯಿಟ್ಟು ಪುಟ್ಟ ಗುಳ್ಳೆ ಎಬ್ಬಿಸುತ್ತಾರೆ. ಎರಡನೆಯವರು ಅದನ್ನು ಊದಿ ದೊಡ್ಡದು ಮಾಡುತ್ತಾರೆ. ಮೂರನೆಯವರು ಕೊನೆಯ ಉಸಿರು ಕೊಟ್ಟು ಆಕಾರ ತಿದ್ದುತ್ತಾರೆ. ಒಂದು ಕೊಳವೆ, ಮೂರು ಬಾಯಿ, ಒಂದೂವರೆ ನಿಮಿಷ. ಅಷ್ಟರೊಳಗೆ ಆಗಲಿಲ್ಲವೋ, ಗಾಜು ಗಟ್ಟಿಯಾಗುತ್ತದೆ. ಗಾಜು ಯಾರ ಅಪ್ಪನ ಮನೆಯ ಆಳೂ ಅಲ್ಲ, ಕಾಯುವುದಿಲ್ಲ.

ಈ ಕೊಳವೆಗೆ ಸಂಬಂಧಿಸಿದಂತೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಕಲಿಯಲು ಬಂದವರ ಕೈಗೆ ಕೊಳವೆ ಕೊಡುವಾಗ ಮೇಸ್ತ್ರಿಗಳು ಅದರ ಬಾಯಿಯನ್ನು ಬಟ್ಟೆಯಿಂದ ಒರೆಸಿ ಕೊಡುತ್ತಿದ್ದರು. ಒರೆಸಿ ಕೊಟ್ಟರೆ ನೀವಿನ್ನೂ ಹೊರಗಿನವರು ಎಂದರ್ಥ. ಎರಡು ವರ್ಷವೋ ಮೂರು ವರ್ಷವೋ ಕಳೆದ ಮೇಲೆ ಒಂದು ದಿನ ಅವರು ಒರೆಸದೆ ಕೊಡುತ್ತಾರೆ. ಅಂದಿಗೆ ನೀವು ಒಳಗಿನವರು. ಇದಕ್ಕೆ ಆರ್ಡರ್ ಇಲ್ಲ, ಕಾಗದ ಇಲ್ಲ. ಆದರೆ ಅದಾದ ಮೇಲೆ ಯಾರೂ ನಿಮ್ಮನ್ನು ಸಾಲಿನಿಂದ ಎಬ್ಬಿಸುವಂತಿಲ್ಲ.

ಎರಡು ವರ್ಷ ನಾನು ಆ ಬಟ್ಟೆಯನ್ನೇ ನೋಡುತ್ತಿದ್ದೆ. ನೀಲಿ ಅಂಚಿನ ಬಟ್ಟೆ. ಅದನ್ನು ಕಂಡರೆ ನನಗೆ ಸವತಿಯನ್ನು ಕಂಡಂತೆ ಆಗುತ್ತಿತ್ತು. ಬಲೂನಣ್ಣ ಬೇಕೆಂದೇ ಅದನ್ನು ಎತ್ತಿ ತೋರಿಸಿ, “ಚಕ್ರಾ, ನಿನ್ನ ಮದುವೆಗೆ ಇದನ್ನೇ ಉಡುಗೊರೆ ಕೊಡ್ತೀವಿ ಬಿಡು” ಎನ್ನುತ್ತಿದ್ದ. ಬಲೂನಣ್ಣ ಯಾರೆಂದು ನಿಮಗೆಲ್ಲ ಗೊತ್ತು. ಊದುವಾಗ ಅವನ ಎರಡು ಕೆನ್ನೆಗಳೂ ಕಿವಿಯ ತನಕ ಹೋಗುತ್ತಿದ್ದವು. ಅವನ ತಾಯಿ ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ. ದೊಡ್ಡಮ್ಮ, ನಿಮ್ಮ ಹತ್ತಿರ ಆಮೇಲೆ ಬರುತ್ತೇನೆ.

ಈಗ ಹುಲ್ಲಣ್ಣನ ವಿಷಯ.

ಕಾರ್ಖಾನೆಯ ಗೇಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಇದೆ. ಹದಿನಾಲ್ಕು ತಿಂಗಳಿಂದ ಅದನ್ನು ಯಾರೂ ತೆಗೆದಿಲ್ಲ. ಕಾಯಿಲೆ ಯಾರಿಂದ ಯಾರಿಗೆ ಬಂತೆಂದು ಆರೋಗ್ಯ ಇಲಾಖೆಯವರು ಬರೆದ ಚಿತ್ರ ಅದು. ಒಂಬತ್ತು ವೃತ್ತ, ನಡುವೆ ಬಾಣಗಳು. ಎಲ್ಲಕ್ಕಿಂತ ಮೇಲಿನ ವೃತ್ತದಲ್ಲಿ ‘ಪ್ಯಾಕಿಂಗ್ ಕೆಲಸಗಾರ’ ಎಂದಿದೆ. ಅದು ಹುಲ್ಲಣ್ಣ. ನಮ್ಮ ಗಾಜನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದವನು. ತಲೆಯಲ್ಲಿ ಯಾವಾಗಲೂ ಎರಡು ಹುಲ್ಲುಕಡ್ಡಿ ಇದ್ದೇ ಇರುತ್ತಿದ್ದವು. ಕೆಳಗಿನ ಸಾಲಿನಲ್ಲಿ ಎಲ್ಲೋ ನಾನಿದ್ದೇನೆ. ಹುಲ್ಲಣ್ಣನ ವೃತ್ತದಿಂದ ನನ್ನ ವೃತ್ತಕ್ಕೆ ಒಂದು ಬಾಣ ಬಂದಿದೆ. ಯಾರೋ ಪೆನ್ನಿನಿಂದ ಅವನ ವೃತ್ತಕ್ಕೆ ಒಂದು ಬಾಲ ಬರೆದಿದ್ದಾರೆ, ಇಲಿಯ ಬಾಲ. ಬರೆದವರು ಈ ಸಭೆಯಲ್ಲೇ ಇರಬಹುದು. ಅವರನ್ನು ನಾನು ಬೈಯುವುದಿಲ್ಲ. ಏಕೆಂದರೆ ಆ ಬಾಲವನ್ನು ದಿನಕ್ಕೆ ಎರಡು ಸಲ ನೋಡಿಯೂ ನಾನು ಅಳಿಸಲಿಲ್ಲ.

ಆ ಬಾಣ ತಿರುಗುಮುರುಗಾಗಿದೆ. ನಾನು ಇಲ್ಲಿ ನಿಂತಿರುವುದು ಅದನ್ನು ಹೇಳುವುದಕ್ಕೆ.

ಆ ತಿಂಗಳ ಒಂದನೇ ತಾರೀಖು ಹುಲ್ಲಣ್ಣನ ಮಗಳ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಅವನು ನನ್ನ ಹತ್ತಿರ ಬಂದು, “ಮರಿ, ಅರ್ಧ ದಿನ ಹುಲ್ಲಿನ ಕೋಣೆ ನೋಡ್ಕೋತೀಯಾ? ಹೊಸ ಹುಲ್ಲು ಬರುತ್ತೆ, ಹಳೇದನ್ನ ಗುಡಿಸಿ ಹಾಕಬೇಕು” ಎಂದ. ಹೋಗುವ ಮುಂಚೆ ಬಾಗಿಲಿನಿಂದ ಮತ್ತೆ ತಿರುಗಿ ಬಂದ. “ಒಣಗಿದ್ದನ್ನ ಹಾಗೇ ಗುಡಿಸ್ಬೇಡ. ಮೊದಲು ನೀರು ಚಿಮುಕ್ಸು. ಅರ್ಧ ಗಂಟೆ ಬಿಡು. ಇಲಿ ಹಿಕ್ಕೆ ಇರುತ್ತೆ ಮರಿ, ಧೂಳು ಏಳಬಾರದು. ನನ್ನ ಅಪ್ಪ ಹೇಳಿದ್ದು.”

“ಆಯ್ತು ಹೋಗಣ್ಣ, ನಿಮ್ಮಪ್ಪ ಡಾಕ್ಟ್ರಾ?” ಎಂದೆ.

“ಅಲ್ಲ. ಎಂಬತ್ತು ವರ್ಷ ಬದುಕಿದ್ದ, ಅಷ್ಟೇ” ಎಂದು ನಕ್ಕು ಹೋದ.

ಅರ್ಧ ಗಂಟೆ. ನನಗೆ ಅರ್ಧ ಗಂಟೆ ಸುಮ್ಮನೆ ಕೂರಲು ಆಗುವುದಿಲ್ಲ. ಕುಲುಮೆಯ ಕಡೆ ಕೆಲಸ ನಡೆಯುತ್ತಿತ್ತು, ನನ್ನ ಜೀವ ಅಲ್ಲಿತ್ತು. ಕಿಟಕಿಯಿಲ್ಲದ ಆ ಕೋಣೆಯನ್ನು ಒಣ ಪೊರಕೆಯಲ್ಲಿ ಇಪ್ಪತ್ತು ನಿಮಿಷದಲ್ಲಿ ಗುಡಿಸಿ ಬಿಸಾಡಿದೆ. ಧೂಳು ಎಷ್ಟು ಎದ್ದಿತ್ತೆಂದರೆ ನನ್ನ ಕೈ ನನಗೆ ಕಾಣುತ್ತಿರಲಿಲ್ಲ. ಹೊರಗೆ ಬಂದು ಕೆಮ್ಮಿದೆ, ಮುಖ ತೊಳೆದೆ, ಕುಲುಮೆಗೆ ಓಡಿದೆ.

ಹತ್ತು ದಿನ ಏನೂ ಇಲ್ಲ. ಹನ್ನೊಂದರ ಬೆಳಿಗ್ಗೆ ಮೈ ಕೆಂಡ.

ಅಂದೇ ಮೇಸ್ತ್ರಿಗಳು ನನ್ನನ್ನು ಕರೆದು, “ನಾಳೆ ಬೇಗ ಬಾ ಹುಡುಗಿ. ಬಟ್ಟೆ ತರಬೇಡ ಅಂತ ಹೇಳಿದ್ದೀನಿ ಇವರಿಗೆ” ಎಂದರು. ಅಷ್ಟೇ ಹೇಳಿದ್ದು. ಸಾಲಿನವರೆಲ್ಲ ನನ್ನ ಮುಖ ನೋಡಿ ನಕ್ಕರು. ಬಲೂನಣ್ಣ ಎರಡು ಕೆನ್ನೆ ಉಬ್ಬಿಸಿ ಠುಸ್ ಎಂದು ಬಿಟ್ಟ. ನನಗೆ ನಿಲ್ಲಲು ಆಗುತ್ತಿರಲಿಲ್ಲ. ಸಂತೋಷಕ್ಕೋ ಜ್ವರಕ್ಕೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಹುಲ್ಲಿನ ಕೋಣೆಗೆ ಹೋಗಿ ಮಲಗಿಬಿಟ್ಟೆ. ಹುಲ್ಲಣ್ಣ ಬಂದು ಹಣೆ ಮುಟ್ಟಿ, “ಏನಿದು, ಗಾಜು ಕರಗ್ಸಬಹುದಲ್ಲೇ ನಿನ್ನ ತಲೆ ಮೇಲೆ” ಎಂದ. ತನ್ನ ಟವೆಲ್ ಒದ್ದೆ ಮಾಡಿ ನನ್ನ ಹಣೆಗೆ ಹಾಕಿದ. ಅವನ ಚಹಾ ಲೋಟದಲ್ಲಿ ಅರ್ಧ ನನಗೆ ಕುಡಿಸಿ ಉಳಿದರ್ಧ ತಾನು ಕುಡಿದ. ಸಂಜೆಯವರೆಗೂ ನಾನು ಕೆಮ್ಮುತ್ತಿದ್ದರೆ ಪಕ್ಕದಲ್ಲೇ ಕುಳಿತು ಪೆಟ್ಟಿಗೆ ಕಟ್ಟುತ್ತಿದ್ದ. “ಮೇಸ್ತ್ರಿಗೆ ಹೇಳ್ತೀನಿ, ರಜ ತಗೋ” ಎಂದ.

“ಬೇಡಣ್ಣ. ನಾಳೆ ಕೊಳವೆ ಕೊಡ್ತಿದ್ದಾರೆ. ಜ್ವರ ಅಂತ ಗೊತ್ತಾದರೆ ಮುಂದಕ್ಕೆ ಹಾಕ್ತಾರೆ. ನಿನ್ನ ದಮ್ಮಯ್ಯ, ಯಾರಿಗೂ ಹೇಳ್ಬೇಡ.”

“ಯಾರಿಗೂ?”

“ಯಾರಿಗೂ.”

“ಸರಿ ಮಾರಾಯ್ತಿ” ಎಂದ.

ಸಭಿಕರೇ, ಮಾತು ಕೊಡುವುದೆಂದರೆ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಹನ್ನೆರಡರ ಬೆಳಿಗ್ಗೆ ಎರಡು ಮಾತ್ರೆ ನುಂಗಿ ಕುಲುಮೆಯ ಮುಂದೆ ನಿಂತೆ. ಅಲ್ಲಿ ಎಲ್ಲರೂ ಬೆವರುತ್ತಾರೆ, ಎಲ್ಲರ ಮುಖವೂ ಕೆಂಪಗಿರುತ್ತದೆ. ಜ್ವರ ಅಡಗಿಸಿಡಲು ಅದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲಿಲ್ಲ. ಮೇಸ್ತ್ರಿಗಳು ಮೊದಲ ಗುಳ್ಳೆ ಎಬ್ಬಿಸಿ ಕೊಳವೆಯನ್ನು ನನ್ನ ಕಡೆ ತಿರುಗಿಸಿದರು. ಅದರ ಬಾಯಿ ಒದ್ದೆಯಾಗಿತ್ತು. ಒರೆಸಲಿಲ್ಲ. ನಾನು ತುಟಿ ಇಟ್ಟೆ, ಊದಿದೆ, ಬಲೂನಣ್ಣನಿಗೆ ಕೊಟ್ಟೆ. ನನ್ನ ಕಣ್ಣಲ್ಲಿ ನೀರಿತ್ತು. ಅಂದು ನಾವು ಎಪ್ಪತ್ತೆರಡು ಹೂದಾನಿ ಮಾಡಿದೆವು. ಮೂವರೂ ಜಾಗ ಬದಲಿಸುತ್ತಾ, ಒಬ್ಬರ ಉಸಿರಿನ ಹಿಂದೆ ಒಬ್ಬರು. ಮರುದಿನವೂ ಹಾಗೆಯೇ. ನಾಲ್ಕನೇ ದಿನಕ್ಕೆ ಜ್ವರ ಇಳಿಯಿತು, ಗೆದ್ದೆ ಅಂದುಕೊಂಡೆ. ಹದಿನೆಂಟಕ್ಕೆ ಮತ್ತೆ ಏರಿ ಕೊಳವೆಯ ಸಮೇತ ನೆಲಕ್ಕೆ ಬಿದ್ದೆ.

ಅಷ್ಟರಲ್ಲಿ ಹುಲ್ಲಣ್ಣ ಒಂದು ದಿನ ಮೊದಲೇ ಆಸ್ಪತ್ರೆ ಸೇರಿದ್ದ.

ಇಲ್ಲಿ ಡಾಕ್ಟರಮ್ಮನವರು ಕಾಯಿಲೆ ಅಡಗಿದ ಮೇಲೆ ಇದೇ ಸಭಾಂಗಣದಲ್ಲಿ ನಮಗೆ ಹೇಳಿದ ಮಾತನ್ನು ನೆನಪಿಸುತ್ತೇನೆ. ನಾನು ಶಾಲೆಯಲ್ಲಿ ಕಲಿತದ್ದೆಲ್ಲ ಮರೆತಿದ್ದೇನೆ, ಇದನ್ನು ಮರೆತಿಲ್ಲ. “ಹೊಸ ಕಾಯಿಲೆ ಅಂದ್ರೆ ಆಕಾಶದಿಂದ ಬೀಳೋದಲ್ಲ. ಇಲಿಲೋ ಬಾವಲಿಲೋ ಹಕ್ಕಿಲೋ ಎಷ್ಟೋ ಕಾಲದಿಂದ ಇರುತ್ತೆ, ಅವುಕ್ಕೆ ಏನೂ ಮಾಡಲ್ಲ. ಯಾವತ್ತೋ ಒಬ್ಬ ಮನುಷ್ಯನಿಗೆ ದಾಟುತ್ತೆ. ಎಷ್ಟೋ ಸಲ ಅಲ್ಲಿಗೇ ಮುಗಿದುಹೋಗುತ್ತೆ, ನಮಗೆ ಗೊತ್ತೂ ಆಗಲ್ಲ. ಮುಂದಕ್ಕೆ ಹೋಗ್ಬೇಕು ಅಂದ್ರೆ ಅದಕ್ಕೆ ಎರಡನೇ ಮನುಷ್ಯ ಬೇಕು. ಅವನ ತನಕ ಒಂದು ದಾರಿ ಬೇಕು. ಆ ದಾರಿ ಯಾವುದು ಅಂತ ಹುಡುಕೋದೇ ನಮ್ಮ ಕೆಲಸ.”

ಅವರು ದಾರಿ ಹುಡುಕಲು ಬಂದರು. ಹುಲ್ಲಿನ ಕೋಣೆಯ ಇಲಿಗಳಲ್ಲಿ ರೋಗಾಣು ಸಿಕ್ಕಿತು. ಮೊದಲು ಮಲಗಿದವನು ಹುಲ್ಲಣ್ಣ. ಸರಿ, ಹುಲ್ಲಣ್ಣನಿಂದ ಕುಲುಮೆಯವರಿಗೆ ಹೇಗೆ ಹೋಯಿತು? ಹುಲ್ಲಣ್ಣ ಜನ್ಮದಲ್ಲಿ ಊದುಕೊಳವೆ ಮುಟ್ಟಿದವನಲ್ಲ. ಹಾಗಾಗಿ ಅವನೂ ಕುಲುಮೆಯವರೂ ಹಂಚಿಕೊಳ್ಳುವ ಎಲ್ಲವನ್ನೂ ಹುಡುಕಿದರು. ಕ್ಯಾಂಟೀನ್ ಮುಚ್ಚಿಸಿದರು. ಲೋಟಗಳನ್ನು ಕುದಿಸಿದರು. ನೀರಿನ ನಲ್ಲಿ, ಶೌಚಾಲಯದ ಚಿಲಕ, ಬಾಗಿಲ ಹಿಡಿ, ಹಾಜರಿ ಹಾಕುವ ಪೆನ್ನು ಎಲ್ಲವನ್ನೂ ತೊಳೆಸಿದರು. ಊಟಕ್ಕೆ ಮೂರು ಮಾರು ದೂರ ಕೂರಿಸಿದರು. ನಮ್ಮವರು ಚಾಚೂ ತಪ್ಪದೆ ಕೇಳಿದರು. ಮೂರು ಮಾರು ದೂರ ಕುಳಿತು ಊಟ ಮಾಡಿ, ಕೈ ತೊಳೆದು, ಎದ್ದು ಹೋಗಿ, ಒಂದೇ ಕೊಳವೆಗೆ ಮೂವರು ಬಾಯಿ ಹಾಕಿದರು.

ಕುಲುಮೆಯನ್ನು ಆರಿಸುವಂತಿಲ್ಲ, ಆರಿಸಿದರೆ ಒಳಗಿನ ಗಾಜು ಗಟ್ಟಿಯಾಗಿ ಕುಲುಮೆಯೇ ಬಿರಿಯುತ್ತದೆ. ಆದ್ದರಿಂದ ಮೈ ಸರಿಯಿದ್ದವರು ಕೆಲಸ ಮಾಡುತ್ತಲೇ ಇದ್ದರು. ಅವರಲ್ಲಿ ಒಬ್ಬರಿಗೂ ಕೊಳವೆಯ ಯೋಚನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬರಲಿಲ್ಲ. ಏಕೆಂದರೆ ಅದರ ತುದಿ ಬೆಂಕಿಯಲ್ಲಿರುತ್ತದೆ. ಕಬ್ಬಿಣ ಕೆಂಪಾಗುವ ಬೆಂಕಿ. ಅದರಲ್ಲಿ ಯಾವ ಹುಳ ಬದುಕೀತು? ಬೆಂಕಿಗೆ ಬಿದ್ದದ್ದು ಶುದ್ಧ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು. ಕೊಳವೆಗೆ ಎರಡು ತುದಿ ಇದೆ, ಒಂದು ತುದಿ ಬೆಂಕಿಯಲ್ಲಿದ್ದರೆ ಇನ್ನೊಂದು ತಣ್ಣಗೆ ನಮ್ಮ ತುಟಿಯಲ್ಲಿರುತ್ತದೆ. ಮೂವತ್ತು ವರ್ಷ ಕೊಳವೆ ಹಿಡಿದವರಿಗೂ ಇದು ಹೊಳೆಯಲಿಲ್ಲ. ಅಷ್ಟು ಹತ್ತಿರ ಇತ್ತು. ಮೂಗಿನ ಕೆಳಗೇ ಇತ್ತು.

ಇಪ್ಪತ್ತಮೂರಕ್ಕೆ ಡಾಕ್ಟರಮ್ಮನವರು ತಾವೇ ಕುಲುಮೆಯ ಮುಂದೆ ಬಂದು ನಿಂತರು. ಕೊಳವೆ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಗುವುದನ್ನು ನೋಡಿದರು. ಮೇಸ್ತ್ರಿಗಳು ಆಮೇಲೆ ನನಗೆ ಹೇಳಿದ್ದು, ಅವರ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತಂತೆ, ಅದನ್ನು ಎತ್ತಿಕೊಳ್ಳಲೇ ಇಲ್ಲವಂತೆ. “ಇದನ್ನ ಒರೆಸಲ್ವಾ ನೀವು?” ಎಂದು ಕೇಳಿದರಂತೆ. ಮೇಸ್ತ್ರಿಗಳು ಎದೆಯುಬ್ಬಿಸಿ, “ಒರೆಸೋದು ಹೊರಗಿನವರಿಗೆ, ಡಾಕ್ಟ್ರೇ” ಎಂದರಂತೆ. ಮರುದಿನ ಅವರೇ ಮಲಗಿದರು. ಈಗ ಅವರಿಗೆ ಒಂದು ಮೇಣದಬತ್ತಿ ಆರಿಸುವಷ್ಟು ಉಸಿರೂ ಎದೆಯಲ್ಲಿಲ್ಲ. ಗುರುಗಳೇ, ನಿಮ್ಮ ಎದುರಿಗೇ ಇದನ್ನು ಹೇಳುತ್ತಿದ್ದೇನೆ. ಎದ್ದು ಹೋಗಬೇಕೆನಿಸಿದರೆ ಹೋಗಿ. ಬೈಯಬೇಕೆನಿಸಿದರೆ ನಾಳೆಯ ತನಕ ಕಾಯಬೇಡಿ.

ಆಸ್ಪತ್ರೆಯ ನನ್ನ ಕಾರ್ಡಿನಲ್ಲಿ ಹನ್ನೊಂದು ಎಂದು ಬರೆದಿದ್ದರೆ ಏನಾಗುತ್ತಿತ್ತು? ಮೊದಲು ಮಲಗಿದವಳು ಕೊಳವೆ ಊದುವವಳು ಎಂದು ಗೊತ್ತಾಗುತ್ತಿತ್ತು. ಡಾಕ್ಟರಮ್ಮನವರು ಇಪ್ಪತ್ತಮೂರರ ತನಕ ಕ್ಯಾಂಟೀನ್ ಲೋಟಗಳನ್ನು ಕುದಿಸುತ್ತಿರಲಿಲ್ಲ. ಹತ್ತೊಂಬತ್ತಕ್ಕೇ ಕುಲುಮೆಯ ಮುಂದೆ ನಿಲ್ಲುತ್ತಿದ್ದರು.

ಆಸ್ಪತ್ರೆಯಲ್ಲಿ ನನ್ನ ಮಂಚಕ್ಕೂ ಹುಲ್ಲಣ್ಣನ ಮಂಚಕ್ಕೂ ನಡುವೆ ಒಂದು ಹಸಿರು ಪರದೆ ಇತ್ತು. ಹತ್ತೊಂಬತ್ತರ ಬೆಳಿಗ್ಗೆ ಡಾಕ್ಟರಮ್ಮನವರು ಮೊದಲು ಅವನ ಹತ್ತಿರ ಹೋದರು.

“ನಿಮಗಿಂತ ಮೊದಲು ಯಾರಿಗಾದ್ರೂ ಜ್ವರ ಬಂದಿತ್ತಾ? ಜ್ವರ ಇದ್ದೋರ ಹತ್ತಿರ ಕೂತಿದ್ರಾ? ನೆನಪು ಮಾಡ್ಕೊಳ್ಳಿ. ಇದು ಬಹಳ ಮುಖ್ಯ.”

ಪರದೆಯ ಆ ಕಡೆಯಿಂದ ಅವನ ಉಸಿರಿನ ಸದ್ದು ಕೇಳುತ್ತಿತ್ತು. ಒಡೆದ ಕೊಳವೆಯಲ್ಲಿ ಊದಿದ ಹಾಗೆ. ನಾನು ಈ ಕಡೆ ಇದ್ದೇನೆಂದು ಅವನಿಗೆ ಗೊತ್ತಿತ್ತು. ನನ್ನನ್ನು ಒಳಗೆ ತಂದಾಗ ನೋಡಿದ್ದ.

“ಇಲ್ಲಮ್ಮ. ನಾನೇ ಮೊದಲು” ಎಂದ.

ಆಮೇಲೆ ಪರದೆ ಸರಿಸಿ ನನ್ನ ಹತ್ತಿರ ಬಂದರು. “ನಿಮಗೆ ಯಾವತ್ತಿಂದ ಜ್ವರ?”

ನಾನು ಶಾಲೆಯಲ್ಲಿ ನಲವತ್ತೆರಡು ಜನರ ನಡುವೆ ಎದ್ದು ನಿಂತವಳು. ಆ ಕಾರ್ಡು ಬರೆಯುತ್ತಿದ್ದ ಪೆನ್ನಿನ ತುದಿ ನೋಡುತ್ತಾ, “ನಿನ್ನೆಯಿಂದ, ಹದಿನೆಂಟರಿಂದ” ಎಂದೆ. ಪರದೆಯಾಚೆಯಿಂದ ಒಂದು ಮಾತೂ ಬರಲಿಲ್ಲ. ಮೂರು ದಿನದ ಮೇಲೆ, ಇಪ್ಪತ್ತೆರಡಕ್ಕೆ, ಆ ಉಸಿರಿನ ಸದ್ದೂ ನಿಂತಿತು. ಜೀವ ಹೋಗುವ ತನಕ ಅವನು ನನಗೆ ಕೊಟ್ಟ ಮಾತನ್ನು ಉಳಿಸಿಕೊಂಡ. ಯಾವುದಕ್ಕೆ? ನಾನು ಊದುವ ಸಾಲಿನಲ್ಲಿ ಉಳಿಯಲೆಂದು.

ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ತಾರೀಖು ತಿದ್ದಿ ಕುಳಿತುಕೊಳ್ಳಬೇಕೆಂದಿದ್ದೆ. ಆದರೆ ಸನ್ಮಾನಪತ್ರದಲ್ಲಿ ಇನ್ನೊಂದು ಸಾಲಿದೆ. ‘ಓದದ ಹುಡುಗಿಯಾದರೂ ಬಾಯಿತುಂಡಿನ ಉಪಾಯವನ್ನು ಕಂಡುಹಿಡಿದ’ ಎಂದು. ಹೌದು, ಈಗ ನಮ್ಮಲ್ಲಿ ಪ್ರತಿಯೊಬ್ಬರ ಕೊರಳಲ್ಲೂ ಒಂದು ಹಿತ್ತಾಳೆಯ ಬಾಯಿತುಂಡು ಇದೆ. ನಮ್ಮದನ್ನು ನಾವು ಕೊಳವೆಗೆ ಸಿಕ್ಕಿಸಿ ಊದುತ್ತೇವೆ, ತೆಗೆದು ಕೊರಳಿಗೆ ಹಾಕಿಕೊಳ್ಳುತ್ತೇವೆ. ಬೇರೆ ಕಾರ್ಖಾನೆಯವರೂ ಬಂದು ನೋಡಿ ಹೋಗಿದ್ದಾರೆ. ಅದಕ್ಕಾಗಿಯೇ ಇವತ್ತು ನನಗೆ ಈ ಹೂದಾನಿ ಕೊಟ್ಟದ್ದು. ಮಾಲೀಕರು, “ಇವಳಿಗೆ ಇದು ಹೇಗೆ ಹೊಳೀತೋ, ದೇವರೇ ಬಲ್ಲ” ಎಂದರು. ದೇವರನ್ನು ಏಕೆ ಎಳೆಯಬೇಕು? ಹೇಗೆ ಹೊಳೆಯಿತೆಂದು ನಾನೇ ಹೇಳುತ್ತೇನೆ. ದೊಡ್ಡಮ್ಮ, ಇದು ನಿಮಗೆ.

ಇಪ್ಪತ್ತನೇ ತಾರೀಖು ಬೆಳಿಗ್ಗೆ ನರ್ಸಮ್ಮ ಜ್ವರ ನೋಡಲು ಬಂದರು. ನನ್ನ ಬಾಯಿಂದ ಥರ್ಮಾಮೀಟರ್ ತೆಗೆದು, ಓದಿ, ಸ್ಪಿರಿಟ್ ಹತ್ತಿಯಿಂದ ಮೇಲಿನಿಂದ ಕೆಳಗೆ ಎರಡು ಸಲ ಒರೆಸಿದರು. ಆಮೇಲೆ ಮುಂದಿನ ಮಂಚಕ್ಕೆ ಹೋದರು. “ಯಾಕೆ ಅಷ್ಟು ಒರೆಸ್ತೀರಿ?” ಎಂದೆ, ಸುಮ್ಮನೆ, ಹೊತ್ತು ಹೋಗದೆ.

“ನಿನ್ನ ಎಂಜಲು ಅವರಿಗೆ ಕೊಡ್ಲಾ?” ಎಂದು ನಕ್ಕರು.

ಆ ಕ್ಷಣಕ್ಕೆ ನನಗೆ ಗೊತ್ತಾಯಿತು. ಯಾರೂ ಹೇಳದೆ ಗೊತ್ತಾಯಿತು. ಒದ್ದೆಯಾದ ಕೊಳವೆಯ ಬಾಯಿ ಕಣ್ಣೆದುರು ಬಂತು. ಎಪ್ಪತ್ತೆರಡು ಹೂದಾನಿಗಳು ಬಂದವು. ಮಂಚದ ಕಂಬಿ ಹಿಡಿದು ಕುಳಿತೆ. ಅಂದು ಬೆಳಿಗ್ಗೆಯೂ ಕುಲುಮೆಯ ಮುಂದೆ ಕೊಳವೆ ಓಡಾಡುತ್ತಿದೆ ಎಂದು ನನಗೆ ಗೊತ್ತಿತ್ತು. ನರ್ಸಮ್ಮನನ್ನು ಕೂಗಿದರೆ ಸಾಕಿತ್ತು. ಎಂಟು ಹೆಜ್ಜೆ ದೂರದಲ್ಲಿದ್ದರು. ‘ಕೊಳವೆ ನಿಲ್ಲಿಸಿ’ ಎಂಬ ಎರಡು ಪದ ಸಾಕಿತ್ತು.

ಕೂಗಲಿಲ್ಲ. ಕೊಳವೆ ಎಂದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಹೇಗೆ ಗೊತ್ತು ಎಂದರೆ ಹನ್ನೊಂದನ್ನು ಹೇಳಬೇಕಾಗುತ್ತದೆ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಬಂತು. ಅದರ ನಾಳೆಯೂ ಬಂತು. ಹೀಗೆ ಮೂರು ದಿನ. ಬಲೂನಣ್ಣ ಹದಿನಾಲ್ಕರಿಂದ ಇಪ್ಪತ್ತರ ತನಕ ಬೇರೆ ಪಾಳಿಗೆ ಹೋಗಿದ್ದ, ಆ ಪಾಳಿಯ ಕೊಳವೆ ಬೇರೆ. ನನ್ನ ಜೊತೆ ಊದಿದಾಗ ಅವನಿಗೆ ತಗುಲಿರಲಿಲ್ಲ, ಡಾಕ್ಟರಮ್ಮನವರ ಹಾಳೆಯಲ್ಲೂ ಅವನ ಬಾಣದ ಪಕ್ಕ ಇಪ್ಪತ್ತೊಂದು ಎಂದೇ ಇದೆ. ಇಪ್ಪತ್ತೊಂದಕ್ಕೆ ನಮ್ಮ ಸಾಲಿನಲ್ಲಿ ಜನ ಸಾಲದೆಂದು ಅವನನ್ನು ಮತ್ತೆ ಕರೆಸಿಕೊಂಡರು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರರ ಮಧ್ಯಾಹ್ನದ ತನಕ ಊದಿದ. ಇಪ್ಪತ್ತೇಳಕ್ಕೆ ಮಲಗಿದ. ಮತ್ತೆ ಏಳಲಿಲ್ಲ.

ದೊಡ್ಡಮ್ಮ, ಅವನು ಹೋದ ಮೇಲೆ ನೀವು ವಾರಕ್ಕೊಮ್ಮೆ ನನ್ನ ಕೋಣೆಗೆ ಊಟ ತಂದುಕೊಡುತ್ತಿದ್ದೀರಿ. “ನೀನಾದ್ರೂ ಬದುಕಿ ಬಂದ್ಯಲ್ಲ ಮಗಳೇ” ಎನ್ನುತ್ತೀರಿ. ಹದಿನಾಲ್ಕು ತಿಂಗಳು ಆ ಊಟ ಮಾಡಿದ್ದೇನೆ. ಬಾಯಿತುಂಡಿನ ಉಪಾಯ ನನಗೆ ಹೊಳೆದದ್ದು ಬುದ್ಧಿಯಿಂದ ಅಲ್ಲ. ಎಲ್ಲರಿಗಿಂತ ಮೂರು ದಿನ ಮೊದಲು ನನಗೆ ಗೊತ್ತಿತ್ತು, ಅದಕ್ಕೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಕೊಡುವುದೋ ಬಿಡುವುದೋ ಎಂಬ ಭಾರ ನಿಮ್ಮ ಮೇಲೆ ಬೀಳುತ್ತದೆ.

ಹಿಂದೆ ಕೆಲವರು ಎದ್ದಿದ್ದೀರಿ. ಇನ್ನು ಎರಡೇ ಮಾತು, ಮುಗಿಸುತ್ತೇನೆ.

ಹುಲ್ಲಣ್ಣ ಸತ್ತ ಮೇಲೆ ಅವನ ಹೆಂಡತಿಗೆ, ನನ್ನ ಅತ್ತಿಗೆಗೆ, ಮನೆಯ ಮಾಲೀಕರು ಖಾಲಿ ಮಾಡಿ ಎಂದರು. ಅಂಗಡಿಯವರು ಸಾಮಾನನ್ನು ಹೊರಗಿನ ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಿದ್ದರು. ಅವನ ಮಗಳಿಗೆ ಎಂಟು ವರ್ಷ. ಶಾಲೆಯಲ್ಲಿ ಮಕ್ಕಳು ಅವಳನ್ನು ‘ಇಲಿಮರಿ’ ಎಂದು ಕರೆಯುತ್ತಿದ್ದರು. ಅವಳು ನನ್ನನ್ನು, “ಅಕ್ಕಾ, ನಮ್ಮಪ್ಪ ಎಲ್ಲರಿಗೂ ಕಾಯಿಲೆ ಕೊಟ್ರಾ?” ಎಂದು ಕೇಳಿದ್ದಳು. ನಾನು, “ಹಾಗೆಲ್ಲ ಕೇಳಬಾರದು ಪುಟ್ಟಿ” ಎಂದೆ. ಕೇಳಬಾರದು ಎಂದೆ. ಇಲ್ಲ ಎನ್ನಲಿಲ್ಲ. ತಿಂಗಳಾಗುವುದರೊಳಗೆ ಅವರು ಊರು ಬಿಟ್ಟು ಅತ್ತಿಗೆಯ ತಂಗಿಯ ಊರಿಗೆ ಹೋದರು. ಆ ಚಿತ್ರದ ಸುದ್ದಿ ಅಲ್ಲಿಗೂ ಹೋಗಿದೆಯಂತೆ. ಕಾಯಿಲೆಗೆ ದಾರಿ ಬೇಕು, ಅಪವಾದಕ್ಕೆ ಅದೂ ಬೇಡ.

ಡಾಕ್ಟರಮ್ಮ, ಇಗೋ ನೋಡಿ, ಗೇಟಿನ ಹಾಳೆಯನ್ನು ಇಂದು ಬೆಳಿಗ್ಗೆ ಕಿತ್ತು ತಂದಿದ್ದೇನೆ. ಅದರ ಪಕ್ಕದಲ್ಲಿ ಇನ್ನೊಂದನ್ನು ನಾನೇ ಬರೆದಿದ್ದೇನೆ. ವೃತ್ತಗಳು ಅಷ್ಟು ದುಂಡಗೆ ಬಂದಿಲ್ಲ, ಗಣಿತದಲ್ಲಿ ನಾನು ಅಷ್ಟಕ್ಕಷ್ಟೇ. ಮೇಲಿನ ವೃತ್ತದಲ್ಲಿ ನಾನಿದ್ದೇನೆ. ನನ್ನಿಂದ ಹುಲ್ಲಣ್ಣನಿಗೆ ಒಂದು ಬಾಣ, ಚಹಾ ಲೋಟ ಮತ್ತು ಆ ಮಧ್ಯಾಹ್ನ. ನನ್ನಿಂದ ಕೊಳವೆಗೆ ಒಂದು ಬಾಣ, ಕೊಳವೆಯಿಂದ ಉಳಿದವರಿಗೆ. ಹುಲ್ಲಣ್ಣನಿಂದ ಮುಂದಕ್ಕೆ ಯಾರಿಗೂ ಬಾಣವಿಲ್ಲ. ಅವನಿಂದ ಒಬ್ಬರಿಗೂ ಹೋಗಿಲ್ಲ. ನೀವು ಪರೀಕ್ಷೆ ಮಾಡಬೇಕಾದದ್ದನ್ನು ಮಾಡಿ, ನನ್ನ ರಕ್ತ ಬೇಕಿದ್ದರೆ ತೆಗೆದುಕೊಳ್ಳಿ, ಹೇಳಿಕೆ ಬೇಕಿದ್ದರೆ ಬರೆದುಕೊಳ್ಳಿ. ಇದು ಸರಿ ಎನಿಸಿದರೆ ಕೆಳಗೆ ನಿಮ್ಮ ಸಹಿ ಹಾಕಿ, ಇಲಾಖೆಯ ಮುದ್ರೆ ಒತ್ತಿ ಕೊಡಿ. ಅದನ್ನು ಅತ್ತಿಗೆಯ ಕೈಗೆ ಕೊಡಬೇಕು. ಆ ಮಗುವಿನ ಶಾಲೆಯಲ್ಲಿ ತೋರಿಸಬೇಕು. ನನ್ನ ಬಾಯಿಮಾತನ್ನು ಯಾರು ನಂಬುತ್ತಾರೆ? ಈ ಬಾಯಿಯಿಂದ ಏನೇನು ಬಂದಿದೆ ಎಂದು ಈಗ ಎಲ್ಲರಿಗೂ ಗೊತ್ತಾಯಿತು.

ಹೂದಾನಿಯನ್ನು ಈ ಮೇಜಿನ ಮೇಲೆಯೇ ಬಿಡುತ್ತೇನೆ. ನನ್ನ ಬಾಯಿತುಂಡನ್ನೂ ಕೊರಳಿಂದ ತೆಗೆದು ಅದರೊಳಗೆ ಹಾಕಿದ್ದೇನೆ. ತೊಳೆದಿದ್ದೇನೆ. ಸಾಲಿನಲ್ಲಿ ನನ್ನ ಜಾಗಕ್ಕೆ ಬರುವವರು ಬೇಕಿದ್ದರೆ ಇಟ್ಟುಕೊಳ್ಳಲಿ, ಬೇಡದಿದ್ದರೆ ಕುಲುಮೆಗೆ ಹಾಕಿ.

ನಡುವೆ ತಡೆಯದೆ, ಮೈಕು ಆರಿಸದೆ ಕೊನೆಯ ತನಕ ಕೇಳಿಸಿಕೊಂಡಿರಿ. ಅಷ್ಟಕ್ಕೂ ನಾನು ಅರ್ಹಳಲ್ಲ, ಆದರೂ ಕೊಟ್ಟಿರಿ. ಅದಕ್ಕಾಗಿ ಅಧ್ಯಕ್ಷರಿಗೂ ಅತಿಥಿಗಳಿಗೂ, ಎದ್ದು ಹೋದವರಿಗೂ ಉಳಿದವರಿಗೂ ನನ್ನ ನಮಸ್ಕಾರ.

ಸಹಿ ಸಿಕ್ಕರೂ ಸಿಗದಿದ್ದರೂ, ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನು ಅತ್ತಿಗೆಯ ಊರಿಗೆ ಹೊರಡುತ್ತಿದ್ದೇನೆ.